ಸಾವಾಂಗನ ಕತ್ತಿ, ನನ್ನ ಬಿಳಿ ಮೀಸೆ

ಕಳೆದ ತಿಂಗಳು ವಿಲೆ ಪಾರ್ಲೆಯ ಒಂದು ಶಾಲೆಯಲ್ಲಿ ನಮ್ಮ ಊರಿನ ಕಡೆಯವರ ಯಕ್ಷಗಾನವಿತ್ತು. ವೇಷ ಕಟ್ಟುವುದನ್ನು ನೋಡಬೇಕೆಂದು ಮೊಮ್ಮಗಳು ಹಟ ಹಿಡಿದಳು. ಅವಳ ಕೈ ಹಿಡಿದುಕೊಂಡು ಚೌಕಿಯ ಬಾಗಿಲವರೆಗೆ ಹೋದೆ. ಒಳಗೆ ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕನ್ನಡಿ ಹಿಡಿದು ಕೂತಿದ್ದರು. ತೆಂಗಿನೆಣ್ಣೆಯಲ್ಲಿ ಕಲಸಿದ ಅರದಾಳದ ಬಣ್ಣ, ಬೆವರು, ಹಳೇ ಜರಿಬಟ್ಟೆ, ಎಲ್ಲದರ ಮೇಲೆ ಗೋಂದಿನ ವಾಸನೆ. ಒಬ್ಬ ಮೇಲ್ದುಟಿಗೆ ಗೋಂದು ಸವರಿ ಮೀಸೆ ಅಂಟಿಸಿಕೊಳ್ಳುತ್ತಿದ್ದ.

"ಅಜ್ಜಾ, ಅದು ರಿಯಲ್ ಬಾಲ್ ಇದೆಯಾ?" ಎಂದು ಮೊಮ್ಮಗಳು ಕೇಳಿದಳು, ನಿಜವಾದ ಕೂದಲೇ ಎಂದು.

ಅವಳನ್ನು ಮಗನ ಬಳಿ ಬಿಟ್ಟು ಹೊರಗೆ ಬಂದು ಕಾಂಪೌಂಡಿನ ಗೋಡೆಗೆ ಒರಗಿ ನಿಂತೆ. ಆಟ ಮುಗಿಯುವವರೆಗೂ ಒಳಗೆ ಹೋಗಲಿಲ್ಲ.

ನಾನು ಓದಿದ್ದು ಊರಿನಲ್ಲಿ ನಾಲ್ಕನೇ ಕ್ಲಾಸು. ಬೊಂಬಾಯಿಗೆ ಬಂದ ಮೇಲೆ ಎರಡು ವರ್ಷ ಕನ್ನಡದ ರಾತ್ರಿಶಾಲೆ. ಸಂಘದ ಸಂಚಿಕೆಗೆ ಹಳೇ ಬೊಂಬಾಯಿಯ ನೆನಪು ಬರೆದುಕೊಡಿ ಎಂದವರು ಟ್ರಾಮು, ಮಿಲ್ಲಿನ ಭೋಂಗಾದ ಕೂಗು, ಇಂಥದನ್ನು ಎದುರುನೋಡುತ್ತಿರಬಹುದು. ಬರೆಯಲೇಬೇಕು ಎನ್ನುವಂಥದ್ದು ನನ್ನಲ್ಲಿರುವುದು ಒಂದೇ ಒಂದು ಮಳೆಗಾಲ, ಅದರ ಬೆನ್ನಿಗೆ ಬಂದ ಒಂದು ನವರಾತ್ರಿ.

ಐವತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ತೆರಡು ವರ್ಷ. ಪರೇಲಿನ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ನನಗೂ ನನ್ನ ಅಣ್ಣ ಸಂಜೀವಣ್ಣನಿಗೂ ಸೇರಿ ಒಂದು ಖೋಲಿ ಇತ್ತು. ನಾನು ಮಿಲ್ಲಿನ ನೂಲು ಖಾತೆಯಲ್ಲಿದ್ದೆ. ಅಣ್ಣ ಹಡಗಿನವನು, ವರ್ಷದಲ್ಲಿ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಆದರೆ ಆ ವರ್ಷ ಅವನಿಗೆ ಬಂದರಿನ ಡಾಕ್‌ನಲ್ಲಿ ಕಾಯಂ ಕೆಲಸ ಸಿಗುವುದಿತ್ತು. ದೀಪಾವಳಿ ಕಳೆದು ಹಾಜರಾಗು ಎಂದಿದ್ದರಂತೆ. ಇನ್ನು ಸಮುದ್ರ ಸಾಕು, ಮದುವೆಯಾಗಿ ಇಲ್ಲೇ ಇರುತ್ತೇನೆ ಎಂದು ಊರಿಗೂ ಕಾಗದ ಹಾಕಿದ್ದ.

ಜೂನಿನ ಮೊದಲ ಮಳೆಯ ಜೊತೆಗೆ ಅವನು ಬಂದ. ಮೈಯೆಲ್ಲ ಒದ್ದೆ, ಕಂಕುಳಲ್ಲಿ ಉದ್ದನೆಯ ಒಂದು ಗಂಟು ಮಾತ್ರ ಒಣಗಿತ್ತು.

"ಇದೆಂತ ಅಣ್ಣ, ಕೊಡೆಯನ್ನು ಕಟ್ಟಿಟ್ಟು ನೆನೆದುಕೊಂಡು ಬಂದೆಯಾ?" ಎಂದೆ.

"ಮುಟ್ಟಬೇಡ ಮಾರಾಯ. ಮೊದಲು ಕೈ ತೊಳೆ," ಎಂದ.

ಅದು ಕತ್ತಿ. ಬೋರ್ನಿಯೋ ದ್ವೀಪದ ಒಳನಾಡಿನಲ್ಲಿ ಹೊಳೆಗಳ ದಂಡೆಯ ಮೇಲೆ ದಯಾಕರು ಎಂಬ ಜನ ಇದ್ದಾರೆ, ಅವರು ಇದನ್ನು ಮಂದಾವ್ ಎನ್ನುತ್ತಾರೆ ಎಂದು ಅಣ್ಣ ಹೇಳಿದ. ಅವನ ಹಡಗಿನಲ್ಲಿ ಸಾವಾಂಗ್ ಎಂಬ ದಯಾಕ ಖಲಾಸಿಯೊಬ್ಬನಿದ್ದ. ದಾರಿಯಲ್ಲಿ ಹಗ್ಗ ಹರಿದು ಮರದ ದಿಮ್ಮಿ ಅವನ ಕಾಲ ಮೇಲೆ ಬಿದ್ದಿತ್ತು. ಬೊಂಬಾಯಿಯಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ವಾರ್ಡಿನೊಳಗೆ ಕತ್ತಿ ಇಟ್ಟುಕೊಳ್ಳಲು ಆದೀತೇ? ಯಾರ ಕೈಗೂ ಕೊಡದೆ ಅವನು ಅದನ್ನು ಅಣ್ಣನ ಕೈಗೆ ಕೊಟ್ಟಿದ್ದ.

"ಅವನ ಅಜ್ಜನದ್ದು. ಅವನು ನಡೆದುಕೊಂಡು ಬಂದು ಕೇಳಿದ ದಿನ ಇದ್ದ ಹಾಗೇ ಅವನ ಕೈಯಲ್ಲಿ ಇಡ್ತೇನೆ ಅಂತ ಮಾತು ಕೊಟ್ಟಿದ್ದೇನೆ," ಎಂದು ಅಣ್ಣ ಅದನ್ನು ದೇವರ ಪಟದ ಹಲಗೆಯ ಮೇಲೆ ಮಲಗಿಸಿದ.

ನನಗೆ ನಗು ಬಂತು. "ಕಾಡುಜನರ ಕತ್ತಿ ದೇವರ ಪಕ್ಕದಲ್ಲಾ?"

"ನಮ್ಮೂರ ದೈವದ ಚಾವಡಿಯಲ್ಲಿ ಕಡ್ಸಲೆ ಇಲ್ವಾ? ಅದನ್ನು ಯಾರಾದ್ರೂ ಹಲಸಿನಹಣ್ಣು ಕೊಯ್ಯಲಿಕ್ಕೆ ತೆಗೀತಾರಾ? ಇದೂ ಹಾಗೇ. ಸುಮ್ಮನೆ ಒರೆಯಿಂದ ತೆಗೆಯಲಿಕ್ಕಿಲ್ಲ."

ಕಡ್ಸಲೆ ಎಂದರೆ ನಮ್ಮ ಕಡೆ ದೈವದ ಖಡ್ಗ. ಕೋಲದ ದಿನ, ಅದನ್ನು ಹಿಡಿಯುವ ಹಕ್ಕಿದ್ದವನು ಮಾತ್ರ ಹಿಡಿಯಬೇಕು. ಚಿಕ್ಕಂದಿನಲ್ಲಿ ಅದರ ನೆರಳು ಮೈಮೇಲೆ ಬಿದ್ದರೂ ನಾನು ನಡುಗುತ್ತಿದ್ದೆ. ಆದ್ದರಿಂದ ಅಣ್ಣ ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದು ಹೇಳುವಂತಿಲ್ಲ.

ಆ ಮಳೆಗಾಲ ಪರೇಲಿನಲ್ಲಿ ಮೊಣಕಾಲು ನೀರು ನಿಂತಿತು. ಆಗಸ್ಟಿನ ಹೊತ್ತಿಗೆ ಸಾವಾಂಗ್ ಊರುಗೋಲಿನ ಮೇಲೆ ನಿಂತ. ಖಲಾಸಿಗಳ ವಸತಿಯಲ್ಲಿ ಅವನಿಗೆ ಜಾಗ ಕೊಟ್ಟಿದ್ದರು, ಅಲ್ಲೂ ಕತ್ತಿ ಇಟ್ಟುಕೊಳ್ಳುವಂತಿರಲಿಲ್ಲ. ಪ್ರತಿ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಗಿಡ್ಡ ಆಳು, ಗಟ್ಟಿ ಮೈ, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಬರುವಾಗ ಎಲ್ಲಿಂದಲೋ ಬೆತ್ತದ ಸೀಳು ತರುವನು. ಎದುರು ಖೋಲಿಯಲ್ಲಿದ್ದ ವಿಜಾಪುರದ ಕಡೆಯ ಗಂಗವ್ವನಿಗೆ ಕೊಡದ ಅಡಿಗೆ ಇಡಲು ಒಂದು ಸಿಂಬಿ ಹೆಣೆದುಕೊಟ್ಟ. ಆಮೇಲೆ ಇಡೀ ಮಾಳಿಗೆಯ ಹೆಂಗಸರೆಲ್ಲ ಸಿಂಬಿ ಬೇಕೆಂದರು. ಆದರೂ ಅವನ ಬೆನ್ನ ಹಿಂದೆ ಚಾಳಿನವರು ಅವನನ್ನು ಮುಂಡೀಕಾಟ್ ಎನ್ನುತ್ತಿದ್ದರು. ದಯಾಕರು ತಲೆ ಕಡಿಯುವವರಂತೆ ಎಂದು ಸುದ್ದಿ ಹಬ್ಬಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಕೃಷ್ಣಾಷ್ಟಮಿಯ ಆಸುಪಾಸಿನ ಒಂದು ಭಾನುವಾರ. ಅಣ್ಣ ಪತ್ರೊಡೆ ಮಾಡಿದ್ದ. ಸಾವಾಂಗ್ ನಾಲ್ಕು ತಿಂದು, ಕೈ ತೊಳೆದು, ಕತ್ತಿ ನೋಡಬೇಕು ಎಂದ. ಅಣ್ಣ ಎರಡೂ ಕೈಯಲ್ಲಿ ಇಳಿಸಿಕೊಟ್ಟ. ಅವನು ಅದನ್ನು ಚಾಪೆಯ ಮೇಲಿಟ್ಟು ನಮ್ಮ ಡಬ್ಬಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಒರೆಯ ಮೇಲೆ ಹಾಕಿ ಏನೋ ಪಿಸುಗುಟ್ಟಿದ.

"ಅಜ್ಜನನ್ನು ಕರೆದು ಹೇಳ್ತಿದ್ದಾನೆ, ಜಗಳಕ್ಕೆ ತೆಗೆದದ್ದಲ್ಲ, ಸ್ನೇಹಿತರಿಗೆ ತೋರಿಸಲಿಕ್ಕೆ ಅಂತ," ಎಂದು ಅಣ್ಣ ನನಗೆ ಹೇಳಿದ. ಅವರಿಬ್ಬರು ಮಾತಾಡುತ್ತಿದ್ದುದು ಹಡಗಿನ ಮಲಯ ಭಾಷೆ. ನನ್ನ ಜೊತೆ ಸಾವಾಂಗನದು ಮುರುಕು ಹಿಂದುಸ್ತಾನಿ.

ಕತ್ತಿ ಹೊರಗೆ ಬಂತು. ಕಪ್ಪಗಿತ್ತು, ಅಂಚು ಮಾತ್ರ ಬೆಳ್ಳಗೆ. ಬೆನ್ನಿನ ಉದ್ದಕ್ಕೆ ಹಿತ್ತಾಳೆಯ ಚುಕ್ಕೆಗಳು. ಹಿಡಿ ಜಿಂಕೆಯ ಕೊಂಬಿನದು, ಅದರಲ್ಲಿ ಹಕ್ಕಿಯ ಕೊಕ್ಕಿನಂಥ ಕೆತ್ತನೆ. ಒರೆಯ ಬೆನ್ನಿಗೆ ಕೆತ್ತನೆ ಕೆಲಸದ ಸಣ್ಣ ಚೂರಿ ಬೇರೆ. ವಿಚಿತ್ರವೆಂದರೆ ಅಲಗಿನ ಒಂದು ಮುಖ ಅಂಗೈಯಂತೆ ತಗ್ಗು, ಇನ್ನೊಂದು ಉಬ್ಬು.

"ಬಡಿದವನಿಗೆ ಕೈ ಸರಿ ಇರಲಿಲ್ಲ ಕಾಣ್ತದೆ," ಎಂದೆ ನಾನು.

ಅಣ್ಣ ಅದನ್ನು ದಾಟಿಸಿದಾಗ ಸಾವಾಂಗ್ ಕಣ್ಣು ಮುಚ್ಚಿ ನಕ್ಕ. ಹಾಗೇ ಮಾಡಬೇಕಂತೆ. ಬಲಗೈಯವನಿಗೆ ಒಂದು ಬದಿ ತಗ್ಗು, ಎಡಗೈಯವನಿಗೆ ಇನ್ನೊಂದು ಬದಿ. ಅವನ ಅಜ್ಜ ಎಡಚ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಆ ಕತ್ತಿ ಅವನೊಬ್ಬನ ಕೈಗೆ ಮಾಡಿದ್ದು. ಅದನ್ನು ಹಿಡಿಯಲೆಂದೇ ಸಾವಾಂಗ್ ಎಡಗೈ ಪಳಗಿಸಿಕೊಂಡಿದ್ದ.

ಬಾಗಿಲಲ್ಲಿ ನಿಂತಿದ್ದ ಗಂಗವ್ವ ಸುಮ್ಮನಿರದೆ, "ಏ ತಮ್ಮಾ, ಕೇಳ ಅವನ್ನ. ಇದರಿಂದ ಎಷ್ಟ ತಲಿ ಕಡದಾನಂತ?" ಎಂದಳು.

ನಾನು ಕೇಳಿದೆ. ಸಾವಾಂಗ್ ಗಂಭೀರವಾಗಿ, "ಕದ್ದೂ ಕಾಟಾ, ಮಾಯೀ. ಬಹುತ್ ಕದ್ದೂ," ಎಂದ.

"ಕುಂಬಳಕಾಯಿ ಏನು! ಹಂಗಾರ ನಾಳೆ ನಮ್ಮನೀಗೆ ಕಳಸು, ಸಾರಿಗೆ ಹೆಚ್ಚೂದೈತಿ," ಎಂದು ಗಂಗವ್ವ ನಕ್ಕಳು.

ಆಮೇಲೆ ಅವನು ನಿಜ ಹೇಳಿದ. ಮುತ್ತಜ್ಜಂದಿರ ಕಾಲದಲ್ಲಿ ತಲೆ ಕಡಿಯುತ್ತಿದ್ದದ್ದು ಹೌದು, ಆಗ ಹಿಡಿಗೆ ಶತ್ರುವಿನ ಕೂದಲು ಕಟ್ಟುತ್ತಿದ್ದದ್ದೂ ಹೌದು. ಅದು ನಿಂತು ಬಹಳ ಕಾಲವಾಯಿತು. ಈಗ ಕಟ್ಟುವುದು ಆಡಿನ ಕೂದಲು. ಹಿಡಿಯ ತುದಿಯಲ್ಲಿದ್ದ ಕೆಂಪು ಕಪ್ಪು ಕುಚ್ಚನ್ನು ಬೆರಳಲ್ಲಿ ಎತ್ತಿ, "ಯೇ ಬಕರೀ," ಎಂದ. ಅದರ ಪಕ್ಕದಲ್ಲಿ ಕೆಂಪು ನೂಲಿನಿಂದ ಬೇರೆಯಾಗಿ ಕಟ್ಟಿದ್ದ ಬಿಳಿ ಕುಚ್ಚು, ಗೇಣುದ್ದದ್ದು. ಅದನ್ನು ಮುಟ್ಟಿ ತನ್ನ ತಲೆ ಮುಟ್ಟಿಕೊಂಡು, "ಯೇ ದಾದೀ. ಮೇರಾ ದಾದೀ," ಎಂದ.

ಅವನು ಹಡಗು ಹತ್ತಲು ಹೊರಟ ದಿನ ಅಜ್ಜಿ ತನ್ನ ತಲೆಯಿಂದ ಕತ್ತರಿಸಿ ಕಟ್ಟಿದ್ದಂತೆ. ಅಣ್ಣ ಅದನ್ನು ನಮ್ಮ ತುಳುವಿನಲ್ಲಿ ಹೇಳಿದ: "ಕತ್ತಿಯಲ್ಲಿ ಅಜ್ಜ ಇದ್ದಾನೆ, ಅವನೊಬ್ಬನನ್ನೇ ಅಷ್ಟು ದೂರ ಕಳಿಸೋದಿಲ್ಲ, ನಾನೂ ಬರ್ತೇನೆ ಅಂದಳಂತೆ ಮುದುಕಿ."

ಎರಡು ಭಾಷೆಯಲ್ಲಿ ಹೇಳಿದ್ದನ್ನು ನಾನು ಎರಡು ಭಾಷೆಯಲ್ಲೂ ಕೇಳಿಸಿಕೊಂಡೆ. ಚಾಪೆಯಿಂದ ಒಂದು ಮೊಳ ದೂರ ಕೂತಿದ್ದೆ. ಓದುವವರು ಇದನ್ನು ಗಮನಿಸಬೇಕು.

ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾಗಿ ನಮ್ಮ ಯಕ್ಷಗಾನ ಆಟದ ಅಭ್ಯಾಸ ಶುರುವಾಯಿತು. ಮಿಲ್ಲಿನವರು, ಹೋಟೆಲಿನವರು ಸೇರಿ ಕಟ್ಟಿಕೊಂಡ ತಂಡ. ಗೋಪಾಲಣ್ಣ ಎಂಬ ಹೋಟೆಲಿನ ಅಡುಗೆಯವರು ನಮಗೆ ಹೆಜ್ಜೆ ಹೇಳಿಕೊಡುವವರು, ಬೈಯುವವರು, ಎಲ್ಲ. ನವರಾತ್ರಿಯ ಭಾನುವಾರ ಮಧ್ಯಾಹ್ನ ಪರೇಲಿನ ಒಂದು ಶಾಲೆಯ ಹಾಲಿನಲ್ಲಿ ಆಟ. ಎರಡು ವರ್ಷ ಕೋಡಂಗಿಯಾಗಿ ಕುಣಿದ ನನಗೆ ಆ ಸಲ ಮೊದಲ ದೊಡ್ಡ ವೇಷ ಸಿಕ್ಕಿತು: ಒಬ್ಬ ಮುದಿ ರಕ್ಕಸ. ಅಬ್ಬರಿಸಿ ಬರಬೇಕು, ತನ್ನ ಪರಾಕ್ರಮವನ್ನೆಲ್ಲ ಕೊಚ್ಚಿಕೊಳ್ಳಬೇಕು, ಕೊನೆಗೆ ಸಾಯಬೇಕು.

ತಂಡದ ಕತ್ತಿ ಮರದ್ದು, ಸಿಗರೇಟಿನ ಬೆಳ್ಳಿಕಾಗದ ಅಂಟಿಸಿದ್ದು. ಚಾಳಿನ ಪಡಸಾಲೆಯಲ್ಲಿ ಅದನ್ನು ಬೀಸುತ್ತಿದ್ದಾಗ ಗಂಗವ್ವ, "ಏ ಶೀನಪ್ಪಾ, ಅದರಕಿಂತ ನಮ್ಮನಿ ಈಳಿಗಿನ ಚೊಲೋ ಹೊಳೀತೈತಿ, ಬೇಕಾರ ಒಯ್ಯಿ," ಎಂದಳು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು.

ಅಂದು ಸಂಜೆ, ಆಟಕ್ಕೆ ಸಾವಾಂಗನ ಕತ್ತಿ ಕೊಡುತ್ತೀಯಾ ಎಂದು ಅಣ್ಣನನ್ನು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಊರಿನ ಕಡ್ಸಲೆ ತಂದು ಆಟದಲ್ಲಿ ಕುಣಿಸ್ತೀಯಾ?" ಎಂದ ಅಣ್ಣ.

"ಅದು ದೈವದ್ದು. ಇದು ಯಾರೋ ಪರದೇಶದವನದ್ದು."

"ಅವನಿಗೆ ನಾವು ಪರದೇಶದವರು. ಆದ್ರೂ ನಮ್ಮ ಮನೆಯಲ್ಲಿ ಇಟ್ಟಿದ್ದಾನಲ್ಲ?"

ಆಟದ ದಿನ ತನಗೆ ಡಾಕ್‌ನಲ್ಲಿ ದಿನಗೂಲಿ ಕೆಲಸವಿದೆ, ಬರಲಾಗುವುದಿಲ್ಲ ಎಂದು ಅಣ್ಣ ಮೊದಲೇ ಹೇಳಿದ್ದ. ಅವನು ಬೆಳಿಗ್ಗೆ ಹೋದ ಮೇಲೆ ನಾನು ಹಲಗೆಯಿಂದ ಕತ್ತಿ ಇಳಿಸಿದೆ. ಅಕ್ಕಿ ಹಾಕಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ಚಾದರದಲ್ಲಿ ಸುತ್ತಿ ಒಯ್ದೆ. ಆಟ ಮುಗಿದ ಕೂಡಲೇ ತಂದಿಟ್ಟರಾಯಿತು, ಯಾರಿಗೆ ತಿಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಚೌಕಿಯಲ್ಲಿ ಎಲ್ಲರೂ ಸುತ್ತ ನೆರೆದರು. ಗೋಪಾಲಣ್ಣ, "ಅಣ್ಣನನ್ನು ಕೇಳಿದ್ದೀಯಲ್ಲ?" ಎಂದರು. "ಕೇಳಿದ್ದೇನೆ," ಎಂದೆ. ಅದು ಸುಳ್ಳಲ್ಲ. ಕೇಳಿದ್ದೆನಲ್ಲ.

ಮುಖಕ್ಕೆ ಬಣ್ಣ ಮುಗಿಯಿತು. ಆಗ ನೋಡಿದರೆ ಸೆಣಬಿನ ಮೀಸೆ ಇಲ್ಲ. ಪೆಟ್ಟಿಗೆಯನ್ನೆಲ್ಲ ಹುಡುಕಿದೆವು.

"ಮೀಸೆ ಇಲ್ಲದ ರಕ್ಕಸನಾ? ನಿಂಗೆ ಒಂದು ಸೀರೆ ಉಡಿಸಿಬಿಡ್ತೇನೆ, ಶೂರ್ಪನಖಿ ಮಾಡು," ಎಂದು ಗೋಪಾಲಣ್ಣ ರೇಗಿದರು. ಹೊರಗೆ ಚೆಂಡೆ ಆಗಲೇ ಶುರುವಾಗಿತ್ತು.

ನನ್ನ ಕಣ್ಣು ಕತ್ತಿಯ ಹಿಡಿಯ ಮೇಲೆ ಹೋಯಿತು. ಆಡಿನ ಕೂದಲು ಬಿರುಸು, ಕಪ್ಪು. ಮುದಿ ರಕ್ಕಸನಿಗೆ ಬಿಳಿಯೇ ಸರಿ. ಕತ್ತರಿ ಪಕ್ಕದಲ್ಲೇ ಇತ್ತು. ಕೆಂಪು ನೂಲಿನ ಗಂಟಿನ ಕೆಳಗೆ ಒಂದೇ ಕಚ್ಚು.

"ಅದೆಂತ ಕೂದಲಾ?" ಎಂದು ಗೋಪಾಲಣ್ಣ ಕೇಳಿದರು.

"ಆಡಿನದ್ದು," ಎಂದೆ.

ಅವರೇ ಅದನ್ನು ಎರಡು ಪಾಲು ಮಾಡಿ ಗೋಂದು ಹಚ್ಚಿ ಅಂಟಿಸಿದರು. ಕನ್ನಡಿಯಲ್ಲಿ ನೋಡಿಕೊಂಡೆ. ಬಹಳ ಚೆಂದ ಕಂಡಿತು. ಆ ಸಂತೋಷವನ್ನೂ ಇಲ್ಲಿ ಬರೆಯಲೇಬೇಕು.

ನಾನು ಅಬ್ಬರಿಸಿ ಬಂದಾಗ ಹಾಲು ತುಂಬಿತ್ತು. ಮೀಸೆ ತಿರುವಿದೆ, ಜನ ನಕ್ಕರು. ಮತ್ತೊಮ್ಮೆ ತಿರುವಿದೆ, ಇನ್ನೂ ಜೋರಾಗಿ ನಕ್ಕರು. ಮೂರನೇ ಸಾಲಿನಲ್ಲಿ ಒಬ್ಬ ಕಣ್ಣು ಪೂರ್ತಿ ಮುಚ್ಚಿಕೊಂಡು ನಗುತ್ತಿದ್ದ. ಸಾವಾಂಗ್. ಪಕ್ಕದಲ್ಲಿ ಅಣ್ಣ. ತಮ್ಮನ ಮೊದಲ ದೊಡ್ಡ ವೇಷವೆಂದು ಆ ದಿನದ ಕೂಲಿ ಬಿಟ್ಟು, ಸ್ನೇಹಿತನನ್ನೂ ಕರೆದುಕೊಂಡು, ನನಗೆ ಹೇಳದೆ ಬಂದಿದ್ದ.

ಆಗಲೇ ರಂಗದಿಂದ ಓಡಿಹೋಗಬಹುದಿತ್ತು. ಕತ್ತಿಯನ್ನು ಒರೆಯಿಂದ ತೆಗೆಯದೆ ಉಳಿಯಬಹುದಿತ್ತು. ಚೆಂಡೆ ಏರಿತು, ಭಾಗವತರು ಪದ ಎತ್ತಿದರು, ನನ್ನ ಕೈ ಹಿಡಿಗೆ ಹೋಯಿತು. ಎಳೆದೆ. ಕಿಟಕಿಯ ಬಿಸಿಲಿಗೆ ಅಂಚು ಹೊಳೆದು ಜನ "ಓ" ಎಂದರು. ಸಾವಾಂಗನ ನಗು ನಿಂತಿತು. ಊರುಗೋಲಿಗೆ ಕೈ ಚಾಚಿ ಎದ್ದು ನಿಂತ. ಹಿಂದಿನವರು "ಬೈಠೋ, ಬೈಠೋ" ಎಂದು ಕೂಗಿದರು. ಅಣ್ಣ ಅವನ ತೋಳು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಆ ಕತ್ತಿ ಬಲಗೈಯಲ್ಲಿ ಕೂರುತ್ತಲೇ ಇರಲಿಲ್ಲ, ಪ್ರತಿ ಸಲವೂ ಮಣಿಕಟ್ಟು ತಿರುಚುತ್ತಿತ್ತು. ಆದರೂ ಚಪ್ಪಾಳೆ ಬಿದ್ದಷ್ಟು ಹೊತ್ತು ಬೀಸಿದೆ.

ಸತ್ತು ಚೌಕಿಗೆ ಬಂದಾಗ ಅವರಿಬ್ಬರೂ ಅಲ್ಲಿದ್ದರು. ಸಾವಾಂಗ್ ಎಡಗೈ ಚಾಚಿದ. ಕೊಟ್ಟೆ. ಅಲಗನ್ನು ನೋಡಿದ, ಒರೆಗೆ ಹಾಕಿದ, ಆಮೇಲೆ ಹಿಡಿಯ ತುದಿಯನ್ನು ಬೆರಳಿನಿಂದ ತಡವಿದ. ಆಡಿನ ಕುಚ್ಚಿನ ಪಕ್ಕದಲ್ಲಿ ಕೆಂಪು ನೂಲಿನ ಗಂಟು ಮಾತ್ರ ಉಳಿದಿತ್ತು.

"ಬಾಲ್ ಕಿಧರ್?" ಎಂದು ಕೂದಲನ್ನು ಕೇಳಿದ.

ಅವನು ನನ್ನ ಮುಖ ನೋಡಿದ, ನನ್ನ ಮೇಲ್ದುಟಿ ನೋಡಿದ. ನಾನು ಮೀಸೆ ಕಿತ್ತೆ. ಚರ್ಮ ಸುಲಿದು ಬಂದಷ್ಟು ಉರಿಯಿತು. ಗೋಂದು, ಬಣ್ಣ, ಬೆವರು ಸೇರಿ ಅಂಟಾದ ಆ ಕೂದಲನ್ನು ಅವನ ಅಂಗೈಯಲ್ಲಿ ಇಟ್ಟೆ.

"ಬಕರೀ ಕಾ ಸಮಝಾ," ಎಂದೆ. "ಆಡಿನ ಕೂದಲು ಅಂತ ತಿಳಿದೆ, ಗೊತ್ತಿರಲಿಲ್ಲ. ಮಾಲೂಮ್ ನಹೀಂ ಥಾ."

ಸಾವಾಂಗ್ ಬಹಳ ಹೊತ್ತು ನನ್ನನ್ನು ನೋಡಿದ. ಆಮೇಲೆ ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿ ಖಾಲಿ ಕೈಯಿಂದ ನನ್ನ ಭುಜ ತಟ್ಟಿದ. "ಮಾಲೂಮ್ ನಹೀಂ, ತೋ ಕ್ಯಾ ಕರೇಗಾ," ಎಂದ, ಗೊತ್ತಿಲ್ಲದವನು ತಾನೇ ಏನು ಮಾಡಿಯಾನು ಎಂದು.

ಅಣ್ಣ ಬಾಯಿ ತೆರೆಯಲಿಲ್ಲ. ಆ ಭಾನುವಾರ ಚಾಪೆಯ ಮೇಲೆ ನನಗೆ ತುಳುವಿನಲ್ಲಿ ಹೇಳಿದವನೇ ಅವನು. ಸಾವಾಂಗ್ ಶಾಲೆಯ ನಳದ ಕೆಳಗೆ ಕುಕ್ಕರಿಸಿ ಕೂತು ಕೂದಲನ್ನು ತೊಳೆಯತೊಡಗಿದ. ಗೋಂದು ಬಿಡಲಿಲ್ಲ. ಎಳೆದರೆ ಎಳೆಗಳು ತುಂಡಾಗಿ ನೀರಿನ ಜೊತೆ ಮೋರಿಗೆ ಹೋಗುತ್ತಿದ್ದವು. ಅಣ್ಣ ಮೋರಿಯ ಬಾಯಿಗೆ ಕರವಸ್ತ್ರ ಒಡ್ಡಿ ಕೂತ. ಗಂಗವ್ವನೂ ಆಟಕ್ಕೆ ಬಂದಿದ್ದಳು. ಸಂಗತಿ ತಿಳಿದು, "ಪರದೇಶಿ ಮುದುಕಿ ಕೂದಲಾ ಮಾರಿಗೆ ಹಚಗೊಂಡ್ಯಲ್ಲೋ, ನಿನ್ನ ಬಾಯಾಗ ಮಣ್ಣ ಹಾಕಲಿ," ಎಂದಳು. ನನಗೆ ಸಿಗಬೇಕಾದದ್ದನ್ನು ಕೊಟ್ಟವಳು ಅವಳೊಬ್ಬಳೇ.

ದೀಪಾವಳಿಗೆ ನಾಲ್ಕು ದಿನವಿರುವಾಗ ಸಾವಾಂಗನಿಗೆ ಹಡಗು ಸಿಕ್ಕಿತು. ಅದೇ ಹಡಗಿಗೆ ಅಣ್ಣನೂ ಹೆಸರು ಬರೆಸಿ ಬಂದ.

"ಡಾಕ್ ಕೆಲಸ?" ಎಂದೆ.

"ಅದು ಬೇರೆಯವರಿಗೆ ಆಗ್ತದೆ. ಇದ್ದ ಹಾಗೇ ಕೊಡ್ತೇನೆ ಅಂತ ಮಾತು ಕೊಟ್ಟವ ನಾನು. ಆ ಮುದುಕಿಗೆ ನಾನೇ ಹೋಗಿ ಹೇಳಬೇಕು. ಕುಂಟು ಕಾಲಿನ ಅವನ ಬಾಯಲ್ಲಿ ಹೇಳಿಸಲಾ?"

ಒಂದೂವರೆ ವರ್ಷದ ಮೇಲೆ ಅಣ್ಣ ತಿರುಗಿ ಬಂದ. ಆ ಕಾಯಂ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ. ಮದುವೆಯಾದ ಮೇಲೂ ತಲೆ ನರೆಯುವವರೆಗೆ ಹಡಗಿನಲ್ಲೇ ಇದ್ದ. ಬಂದ ದಿನ ಪಡಸಾಲೆಯಲ್ಲಿ ಕೂತು ಹೇಳಿದ. ಬಂದರಿನಿಂದ ಹೊಳೆಯಲ್ಲಿ ಎಷ್ಟೋ ದಿನ ದೋಣಿಯ ಪ್ರಯಾಣ. ಊರಿನ ಬಾಯಲ್ಲಿ ದಾರಿಗೆ ಅಡ್ಡಲಾಗಿ ಒಂದು ಮರದ ಕಾಂಡ ಕಟ್ಟಿದ್ದರಂತೆ. ಹೊರಗಿನಿಂದ ಬಂದ ನೆಂಟ ಮಂದಾವ್ ಹಿಡಿದು ಅದನ್ನು ಕಡಿದೇ ಒಳಗೆ ಹೋಗಬೇಕು. ದಾರಿಯಲ್ಲಿ ಅಂಟಿಬಂದ ಕೆಟ್ಟದ್ದೆಲ್ಲ ಅಲ್ಲೇ ತುಂಡಾಗಲಿ ಎಂದು. ಕಡಿಯುವ ಮುಂಚೆ ಊರವರು ಆಚೆಯಿಂದ ಕೇಳುತ್ತಾರೆ: ನೀನು ಯಾರು, ಯಾಕೆ ಬಂದೆ? ಸಾವಾಂಗ್ ತನ್ನ ಅಜ್ಜನ ಕತ್ತಿಯನ್ನೇ ಅಣ್ಣನ ಕೈಗೆ ಕೊಟ್ಟ. ಅಜ್ಜಿ ಎದುರಿಗೆ ಜಗಲಿಯಲ್ಲಿ ಕೂತಿದ್ದಳು.

"ನಾನು ಹೇಳಿದೆ: ಒಂದು ತಪ್ಪು ಒಪ್ಪಿಸಲಿಕ್ಕೆ ಬಂದಿದ್ದೇನೆ, ಅಜ್ಜಿಯ ಕೂದಲನ್ನು ನನ್ನ ತಮ್ಮ ಕತ್ತರಿಸಿದ, ಆಡಿನದ್ದು ಅಂತ ತಿಳಿದು. ಸಾವಾಂಗ್ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಮುದುಕಿ ಬೊಚ್ಚು ಬಾಯಲ್ಲಿ ನಕ್ಕುಬಿಟ್ಟಳು. ನನ್ನ ತಲೆ ಆಡಿನ ಹಾಗೆ ಕಾಣ್ತದಾ ಅಂದಳು. ಅಲ್ಲೇ ಇನ್ನೊಂದು ಎಳೆ ಕತ್ತರಿಸಿ ಕಟ್ಟಿದಳು." ಅಣ್ಣ ತನ್ನ ಅಂಗೈ ನೋಡಿಕೊಂಡ. "ಆ ಕತ್ತಿ ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳಿದೆ ಶೀನ."

"ಯಾವುದು ಸುಳ್ಳು?" ಎಂದೆ.

"ನೀನೇ ಹೇಳು."

"ನಿಜವಾಗಿ ನಂಗೆ ಗೊತ್ತಿರಲಿಲ್ಲ ಅಣ್ಣ."

ಅವನು ನನ್ನ ಮುಖ ನೋಡಿದ. "ಆಯ್ತು. ಚಾ ಇಡು," ಎಂದ. ಆಮೇಲೆ ಸಾಯುವವರೆಗೂ ಆ ಮಾತು ಎತ್ತಲಿಲ್ಲ.

ಆದರೆ ಆಡಿನ ಕೂದಲಿನ ಕಥೆ ನಮ್ಮ ಕುಟುಂಬದಲ್ಲಿ ಉಳಿದುಬಿಟ್ಟಿತು. ಅಣ್ಣನ ಮಗಳು ಸಯನ್‌ನಲ್ಲಿದ್ದಾಳೆ. ಯಾರದ್ದಾದರೂ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದಾಗ ಅವಳು, "ಚಿಕ್ಕಪ್ಪ ಎಷ್ಟು ಭೋಳೆ ಗೊತ್ತಾ? ದಾದಿಯ ಬಾಲನ್ನು ಬಕ್ರಿಯದ್ದು ಅಂತ ತಿಳ್ಕೊಂಡು ಮೂಛ್ ಮಾಡಿದ್ರು!" ಎಂದು ಶುರುಮಾಡುತ್ತಾಳೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಇಷ್ಟು ವರ್ಷ ನಕ್ಕಿದ್ದೇನೆ.

ಈ ಸಂಚಿಕೆ ಅವಳ ಮನೆಗೂ ಹೋಗುತ್ತದೆ. ಕನ್ನಡ ಓದಲು ಅವಳಿಗೆ ಕಷ್ಟ, ಆದ್ದರಿಂದ ಕೊನೆಯ ಮಾತನ್ನು ಸುಲಭವಾಗಿ ಬರೆಯುತ್ತೇನೆ. ಮಗಾ, ಅದು ಅಜ್ಜಿಯ ಕೂದಲು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕತ್ತರಿಸಿದೆ. ನನಗೆ ಗೊತ್ತಿತ್ತು ಎಂದು ನಿನ್ನ ಅಪ್ಪನಿಗೂ ಗೊತ್ತಿತ್ತು.